ಸೈಡ್ ಕೊಡುತ್ತಿದ್ದ ಓಬುಳಪತಿ

ಹಿಂದೂಪುರದಿಂದ ರೊದ್ದಂ ಮಾರ್ಗವಾಗಿ ಕಲ್ಯಾಣದುರ್ಗಕ್ಕೆ ಹೋಗುವ ರಸ್ತೆಯಲ್ಲಿ ಆ ಕಾಲಕ್ಕೆ ಒಂದು ಗಾಡಿ ಹಿಡಿಸುವಷ್ಟೇ ಡಾಂಬರು ಇತ್ತು. ಹಿಂದಿನಿಂದ ಇನ್ನೊಂದು ಗಾಡಿ ಬಂದರೆ ಎಡಗಡೆಯ ಚಕ್ರಗಳನ್ನು ಮಣ್ಣಿಗಿಳಿಸಿ ದಾರಿ ಬಿಡಬೇಕು. ಅದಕ್ಕೆ ಸೈಡ್ ಕೊಡುವುದು ಎನ್ನುತ್ತಾರೆ. ಸೈಡ್ ಕೊಡದ ಡ್ರೈವರನಿಗೆ ಕಲ್ಯಾಣದುರ್ಗದ ಸ್ಟ್ಯಾಂಡಿನಲ್ಲಿ ಯಾರೂ ಬೀಡಿಗೆ ಬೆಂಕಿ ಸಹ ಕೊಡುತ್ತಿರಲಿಲ್ಲ. ಓಬುಳಪತಿಯವರು ಆ ರಸ್ತೆಯಲ್ಲಿ ಬಾಡಿಗೆ ಕಾರು ಓಡಿಸಿ ಹೆಸರು ಮಾಡಿದವರು. ಹಿಂದಿನವನು ಹಾರನ್ ಒತ್ತುವ ಮೊದಲೇ ಅವರ ಬಲಗೈ ಹೊರಗೆ ಬಂದು, ಮುಂದೆ ಹೋಗಪ್ಪ ಎಂಬಂತೆ ಬೀಸುತ್ತಿತ್ತು.

ಆ ಹೆಸರು ಕೇಳಿಯೇ ಹಿಂದೂಪುರದ ಬಟ್ಟೆ ಅಂಗಡಿಯ ಆದಿನಾರಾಯಣ ಓಬುಳಪತಿಯವರನ್ನು ತಮ್ಮ ಮನೆಯ ಡ್ರೈವರನ್ನಾಗಿ ಇಟ್ಟುಕೊಂಡರು. ಆದಿನಾರಾಯಣರಿಗೆ ಒಂದೇ ಒಂದು ಹುಚ್ಚು. ಬೆಂಗಳೂರಿನಲ್ಲಿ ಯಾರೋ ಮಾರಿ ಹೋಗಿದ್ದ ಹಳೆಯ ಕೆಂಪು ಎಂ.ಜಿ. ಕಾರನ್ನು ತಂದು ಇಟ್ಟುಕೊಂಡಿದ್ದರು. ಎರಡೇ ಸೀಟು, ಮೇಲೆ ಚಾವಣಿಯಿಲ್ಲ, ಕಡ್ಡಿ ಚಕ್ರ. ಊರಿನವರು ಅದನ್ನು ತೊಟ್ಟಿಲು ಕಾರು ಎನ್ನುತ್ತಿದ್ದರು. ಭಾನುವಾರ ಬಂತೆಂದರೆ ಯಜಮಾನರೂ ಡ್ರೈವರೂ ಪಕ್ಕಪಕ್ಕ ಕೂತು, ಎಂಜಿನಿನ ಭಾಗಗಳನ್ನು ಗೋಣಿಚೀಲದ ಮೇಲೆ ಹರಡಿಕೊಂಡು, ಬಿಚ್ಚುವ ಮುನ್ನ ಹೇಗಿತ್ತು ಎಂದು ಜಗಳವಾಡುತ್ತಾ ಜೋಡಿಸುತ್ತಿದ್ದರು. ಸಂಜೆ ಚಿಲಮತ್ತೂರಿನವರೆಗೆ ಹೋಗಿ ಬರುತ್ತಿದ್ದರು.

ಆದಿನಾರಾಯಣ ತೀರಿಕೊಂಡ ಮೇಲೆ ಕಾರು ಹಿತ್ತಲ ಶೆಡ್ಡಿನಲ್ಲಿ ಟಾರ್ಪಾಲಿನ ಕೆಳಗೆ ನಿಂತಿತು. ಶುಕ್ರವಾರಕ್ಕೊಮ್ಮೆ ಓಬುಳಪತಿ ಟಾರ್ಪಾಲು ಸರಿಸಿ, ಎಂಜಿನ್ ಚಾಲು ಮಾಡಿ, ಸ್ವಲ್ಪ ಹೊತ್ತು ಕೇಳಿಸಿಕೊಂಡು ಮತ್ತೆ ಮುಚ್ಚುತ್ತಿದ್ದರು. ಹೀಗೆ ಮೂರು ವರ್ಷ ಕಳೆಯಿತು.

ಎಂಬತ್ತೆಂಟನೇ ಇಸವಿಯಲ್ಲಿ ಹೆದ್ದಾರಿಯ ಹೋಟೆಲೊಂದರ ಮಾಲೀಕ ಬಂದು ಕಾರು ಕೇಳಿದ. ಎಂಜಿನ್ ತೆಗೆದು, ಹೋಟೆಲಿನ ಮುಂದೆ ಕಟ್ಟೆಯ ಮೇಲೆ ನಿಲ್ಲಿಸಿ, ಒಳಗೆ ಹೂವಿನ ಗಿಡ ಬೆಳೆಸುತ್ತಾನಂತೆ. ಅದೇ ವಾರ ಬೆಂಗಳೂರಿನಿಂದ ನರಸಿಂಹಯ್ಯ ಎಂಬವರೂ ಬಂದರು. ಅವರು ಆದಿನಾರಾಯಣರ ಹಳೆಯ ಸ್ನೇಹಿತರು, ಹಳೇ ಕಾರುಗಳ ಕ್ಲಬ್ಬೊಂದರ ಕಾರ್ಯದರ್ಶಿ. ಬಳಕೆ ತಪ್ಪಿದ ರನ್‌ವೇಯೊಂದರಲ್ಲಿ ತಮ್ಮ ಕ್ಲಬ್ಬು ಹಳೆಯ ಕಾರುಗಳಿಗೆಂದೇ ರೇಸು ನಡೆಸುತ್ತದೆ ಎಂದರು. ಹೊಸಬರು ಬೆಳಿಗ್ಗೆ ಅಭ್ಯಾಸ ಓಡಿಸಿ, ಮಧ್ಯಾಹ್ನ ಒಂದು ರೇಸನ್ನು ತಪ್ಪಿಲ್ಲದೆ ಮುಗಿಸಿದರೆ ಸಾಕು, ಮುಂದೆ ಪ್ರತಿ ವರ್ಷ ಓಡಿಸಬಹುದು.

ಆದಿನಾರಾಯಣರ ಹೆಂಡತಿ ಭ್ರಮರಾಂಬ ಇಬ್ಬರ ಮಾತನ್ನೂ ಕೇಳಿ, ಓಬುಳಪತಿಯನ್ನು ಕರೆದರು.

"ನೋಡಪ್ಪ, ಓಡೋ ಗಾಡಿ ಆದ್ರೆ ನಮ್ಮನೇಲಿರ್ಲಿ. ನಿಂತ್ಕೊಂಡೇ ಇರೋದಾದ್ರೆ ಶೆಡ್ಡಲ್ಲಿ ನಿಂತ್ರೇನು, ಹೋಟ್ಲು ಮುಂದೆ ನಿಂತ್ರೇನು? ರೇಸು ಮುಗಿಸ್ಕೊಂಡು ಬಾ, ಗಾಡಿ ನಿನ್ ಕೈಲೇ ಇರ್ತದೆ. ಆಗ್ಲಿಲ್ವಾ, ಹೋಟ್ಲಿಗೆ ಕೊಟ್ಬುಡ್ತೀನಿ."

"ನಾನಾ ಅಮ್ಮಾ? ರೇಸಿಗಾ?"

"ಇಲ್ಲ, ನಾನೇ ಓಡಿಸ್ತೀನಿ. ನೀನು ಪಕ್ಕದಲ್ಲಿ ಕೂತ್ಕೊಂಡು ಬಾ."

ಮನೆಯಲ್ಲಿ ಹೆಂಡತಿ ಚಿನ್ನಕ್ಕ ಹಿಟ್ಟು ತೊಳಸುತ್ತಿದ್ದ ಕೋಲನ್ನು ಹಾಗೇ ಹಿಡಿದು ನಿಂತರು. "ತಲೆ ನೆರೆತ ಮ್ಯಾಕೆ ರೇಸಂತೆ! ನಮ್ಮಣ್ಣನ ಎತ್ತಿನ ಗಾಡಿ ಹಿಂದೆ ಬಂದ್ರೂ ಕೈ ಬೀಸ್ತೀಯ ನೀನು."

"ಅವ್ನಿಗೇನು ಅರ್ಜೆಂಟೋ ಏನೋ ಕಣೇ."

"ರೇಸಲ್ಲಿ ಎಲ್ರಿಗೂ ಅರ್ಜೆಂಟೇ. ಬ್ಯಾಡ ಕಣಯ್ಯಾ, ಸುಮ್ನಿರು."

ಓಬುಳಪತಿ ಸುಮ್ಮನಿರಲಿಲ್ಲ. ನರಸಿಂಹಯ್ಯ ಹೇಳಿ ಹೋದಂತೆ ಬ್ಯಾಟರಿಯನ್ನು ಪಟ್ಟಿ ಹಾಕಿ ಬಿಗಿದರು. ಎಂಜಿನಿನ ಎಣ್ಣೆ ರಸ್ತೆಗೆ ಬೀಳದಂತೆ ಕೆಳಗೊಂದು ಡಬ್ಬ ಕಟ್ಟಿದರು. ಪರಿಚಯದವರೊಬ್ಬರಿಂದ ಹೆಲ್ಮೆಟ್ ತಂದರು. ಬೆಳಗಾಗುತ್ತಲೇ ಕಲ್ಯಾಣದುರ್ಗದ ರಸ್ತೆಗೆ ಹೋಗಿ, ತಿರುವು ಬರುವ ಮೊದಲೇ ಬ್ರೇಕ್ ಹಿಡಿದು, ತಿರುವಿನಿಂದ ಹೊರಬರುವಾಗ ವೇಗ ಹೆಚ್ಚಿಸುವುದನ್ನು ರೂಢಿ ಮಾಡಿಕೊಂಡರು. ಕಡಲೆಕಾಯಿ ಹೊಲದಲ್ಲಿದ್ದವರು ನೆಟ್ಟಗೆ ನಿಂತು ನೋಡುತ್ತಿದ್ದರು.

ರೇಸಿನ ದಿನ ಭ್ರಮರಾಂಬ ಮತ್ತು ಚಿನ್ನಕ್ಕ ಚಿತ್ರಾನ್ನದ ಬುತ್ತಿ ಹಿಡಿದು ಬಸ್ಸಿನಲ್ಲಿ ಬಂದರು. ಕಾರನ್ನು ಪರೀಕ್ಷೆ ಮಾಡುವವರು ಮುಂದೆ ಕಟ್ಟಿದ್ದ ನಿಂಬೆಹಣ್ಣು, ಮೆಣಸಿನಕಾಯಿಯನ್ನು ಬಿಚ್ಚಿಸಿದರು. ಓಡುವಾಗ ಕಳಚಿ ಬೀಳುವಂಥದ್ದು ಏನೂ ಇರಬಾರದಂತೆ. ಭ್ರಮರಾಂಬ ಅದನ್ನು ತೆಗೆದುಕೊಂಡು ತಮ್ಮ ಸೆರಗಿನ ಚುಂಗಿಗೆ ಗಂಟು ಹಾಕಿಕೊಂಡರು.

ಬೆಳಗಿನ ಅಭ್ಯಾಸ ಶುರುವಾಯಿತು. ಹಿಂದೆ ಒಂದು ಕಾರಿನ ಸದ್ದು ಕೇಳಿದ್ದೇ ತಡ, ಓಬುಳಪತಿಯ ಬಲಗೈ ಹೊರಗೆ ಬಂತು, ಎಡಗಡೆಯ ಚಕ್ರಗಳು ಮಣ್ಣಿಗಿಳಿದವು. ಆ ಕಾರು ಹೋಯಿತು. ಇನ್ನೊಂದು ಬಂತು, ಅದಕ್ಕೂ ಸೈಡ್ ಕೊಟ್ಟರು. ದೂಳೆದ್ದು ಹಿಂದಿನವರಿಗೆ ದಾರಿಯೇ ಕಾಣದಾಯಿತು. ಹಸಿರು ಕಾರಿನವನೊಬ್ಬ ಅಂಚಿಗೆ ಜೋಡಿಸಿದ್ದ ಹುಲ್ಲಿನ ಪಿಂಡಿಗಳಿಗೆ ಗುದ್ದಿಕೊಳ್ಳುವುದು ಸ್ವಲ್ಪದರಲ್ಲಿ ತಪ್ಪಿತು.

ಅಭ್ಯಾಸ ಮುಗಿದ ಮೇಲೆ ನರಸಿಂಹಯ್ಯ ಬಂದು ಅವರ ಪಕ್ಕ ನೆಲದ ಮೇಲೆ ಕುಳಿತರು.

"ಓಬುಳಪತಿ, ನೀವು ಎಲ್ಲರಿಗೂ ದಾರಿ ಬಿಡ್ತಿದ್ದೀರಿ."

"ಹೌದು ಸ್ವಾಮಿ. ಹಿಂದೆ ಬಂದ್ಬುಟ್ರಲ್ಲ."

"ಇಲ್ಲಿ ಹಾಗಲ್ಲ. ನೀವು ಯಾವ ಕಡೆ ಹೋಗ್ತೀರಿ ಅಂತ ಹಿಂದಿನವನು ನೋಡ್ಕೊಂಡಿರ್ತಾನೆ. ನೀವು ನಿಮ್ಮ ದಾರೀಲೇ ನೆಟ್ಟಗೆ ಹೋದರೆ ಅವನು ತನ್ನ ದಾರಿ ಹುಡುಕ್ಕೋತಾನೆ. ನೀವು ಜರುಗಿದರೆ ಅವನು ಎಲ್ಲಿಗೆ ಹೋಗಬೇಕು? ಮಧ್ಯಾಹ್ನ ಇನ್ನೊಂದು ಸಲ ಚಕ್ರ ಮಣ್ಣಿಗೆ ಇಳಿದರೆ ನಿಮ್ಮನ್ನ ನಿಲ್ಲಿಸಿಬಿಡ್ತಾರೆ. ನನ್ನ ಕೈಲಿ ಏನೂ ಇಲ್ಲ."

ಓಬುಳಪತಿ ಚಿತ್ರಾನ್ನ ಮುಟ್ಟಲಿಲ್ಲ. ಇಷ್ಟು ವರ್ಷ ಯಾವುದನ್ನು ಮರ್ಯಾದೆ ಎಂದು ನಡೆದುಕೊಂಡು ಬಂದಿದ್ದರೋ ಅದು ಇಲ್ಲಿ ಅಪಾಯವಾಗಿತ್ತು. ದಾರಿ ಬಿಡದೆ ಹೋಗುವವನು ಸೊಕ್ಕಿನವನು ಎಂದೇ ಅವರು ತಿಳಿದಿದ್ದರು. ಒಬ್ಬನು ತನ್ನ ದಾರಿಯಲ್ಲಿ ಅಲುಗದೆ ಹೋಗುವುದೂ ಹಿಂದಿನವನಿಗೆ ಮಾಡುವ ಉಪಕಾರವಾದೀತು ಎಂಬುದು ಅವರಿಗೆ ಹೊಸ ಮಾತು. ಎದ್ದು ಹೋಗಿ ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತರು.

ಮಧ್ಯಾಹ್ನದ ರೇಸು ಶುರುವಾಯಿತು. ಮೊದಲ ಸುತ್ತಿನಲ್ಲೇ ಹಿಂದೆ ಸದ್ದು ಬಂತು. ಓಬುಳಪತಿ ಎರಡೂ ಕೈಯಲ್ಲಿ ಸ್ಟೇರಿಂಗನ್ನು ಬಿಗಿಯಾಗಿ ಹಿಡಿದರು. ಬಲಗೈ ಏಳಲು ನೋಡಿತು, ಏಳಗೊಡಲಿಲ್ಲ. ಹಸಿರು ಕಾರು ಬಲಗಡೆಯಿಂದ ಸಲೀಸಾಗಿ ದಾಟಿ ಹೋಯಿತು. ಹೋಗುವಾಗ ಅದರಲ್ಲಿದ್ದವನು ಕೈಯೆತ್ತಿದ. ಆಮೇಲೆ ಇನ್ನೂ ನಾಲ್ಕಾರು ಕಾರುಗಳು ಹಾಗೆಯೇ ಹೋದವು. ಚಕ್ರ ಡಾಂಬರು ಬಿಡಲಿಲ್ಲ.

ಕಷ್ಟ ಬಂದದ್ದು ಆಮೇಲೆ. ಅವರ ಮುಂದೆ ಒಂದು ದಪ್ಪ ಕಪ್ಪು ಕಾರು ನಿಧಾನವಾಗಿ ಹೋಗುತ್ತಿತ್ತು. ಓಬುಳಪತಿ ಹಾರನ್ ಒತ್ತಿದರು. ಬೇಲಿಯಾಚೆಯ ಜನ ಗೊಳ್ಳೆಂದು ನಕ್ಕರು. ಕಪ್ಪು ಕಾರು ಸೈಡ್ ಕೊಡಲಿಲ್ಲ. ಕೊಡುತ್ತಾನೆ, ಕೊಡುತ್ತಾನೆ ಎಂದು ಕಾಯುತ್ತಾ ಅದರ ಬೆನ್ನಿಗೇ ಹೋದರು. ಅದು ಉಗುಳುವ ಬಿಸಿಗಾಳಿ ನೇರವಾಗಿ ಎಂ.ಜಿ.ಯ ಮೂತಿಗೆ ಹೊಡೆಯುತ್ತಿತ್ತು. ಕಾಲ ಬಳಿ ಶಾಖ ಏರಿತು, ರೇಡಿಯೇಟರಿನ ನೀರು ಕುದಿಯುವ ವಾಸನೆ ಬಂತು. ಹೀಗೆಯೇ ಹಿಂದೆ ಉಳಿದರೆ ಎಂಜಿನ್ ನಿಲ್ಲುತ್ತದೆ, ನಿಂತರೆ ಹೋಟೆಲಿನ ಕಟ್ಟೆ. ಅವನು ಸೈಡ್ ಕೊಡುವುದಿಲ್ಲ, ಏಕೆಂದರೆ ಕೊಡಬಾರದು. ಬೆಳಿಗ್ಗೆ ತಮಗೆ ಹೇಳಿದ್ದನ್ನೇ ಅವನು ಮಾಡುತ್ತಿದ್ದ.

ಕರೆಯದ ಮನೆಗೆ ನುಗ್ಗಿದಷ್ಟು ಸಂಕೋಚದಿಂದ ಓಬುಳಪತಿ ಬಲಕ್ಕೆ ತಿರುಗಿಸಿ, ಆಕ್ಸಿಲರೇಟರ್ ತುಳಿದರು. ಎರಡು ಕಾರುಗಳೂ ಸ್ವಲ್ಪ ದೂರ ಜೊತೆಯಾಗಿ ಹೋದವು. ಆಮೇಲೆ ಮುಂದೆ ತಣ್ಣನೆಯ ಗಾಳಿ ಮಾತ್ರ ಉಳಿಯಿತು.

ಅವರು ಮುಗಿಸಿದ್ದು ಕೊನೆಯಿಂದ ಎರಡನೆಯವರಾಗಿ. ನರಸಿಂಹಯ್ಯ ಬಂದು ಕೈ ಕುಲುಕಿ, "ಪಾಸು" ಎಂದರು. ಓಬುಳಪತಿ ನೇರವಾಗಿ ಕಪ್ಪು ಕಾರಿನವರ ಬಳಿ ಹೋಗಿ, ದಾಟಿ ಬಂದದ್ದಕ್ಕೆ ತಪ್ಪು ತಿಳಿಯಬಾರದು ಎಂದು ಕೈ ಮುಗಿದರು. ಆ ಮನುಷ್ಯ ಅವರನ್ನು ಅಪ್ಪಿಕೊಂಡು ನಕ್ಕರು.

"ಯಾವ್ ಎತ್ತಿನ ಗಾಡೀನ ಹಿಂದೆ ಹಾಕ್ದೆ?" ಎಂದು ಚಿನ್ನಕ್ಕ ಕೇಳಿದರು. ಕೇಳುವಾಗ ಅವರ ಕಣ್ಣು ಒದ್ದೆಯಾಗಿತ್ತು.

ಮಾರನೆಯ ದಿನ ಓಬುಳಪತಿ ಕಾರು ತೊಳೆದು, ಶೆಡ್ಡಿಗೆ ಬಿಟ್ಟು, ಮುಚ್ಚಲು ಟಾರ್ಪಾಲು ಹುಡುಕಿದರೆ ಅದು ಇರಲಿಲ್ಲ. ಅಂಗಳದಲ್ಲಿ ಅದನ್ನು ಹಾಸಿ ಭ್ರಮರಾಂಬ ಕಡಲೆಕಾಯಿ ಒಣಗಲು ಹರಡುತ್ತಿದ್ದರು.

"ಅಮ್ಮಾ, ಗಾಡಿಗೆ?"

"ಇನ್ನು ಅದಕ್ಯಾಕಪ್ಪ? ಭಾನ್ವಾರ ಚಿಲಮತ್ತೂರಿಗೆ ಹೋಯ್ತೀಯಲ್ಲ," ಎಂದು ಅವರು ತಲೆಯೆತ್ತದೆ ಕಾಯಿ ಹರಡುತ್ತಾ ಹೋದರು.