ಚೀಲದ ಹಿಂದಿನ ಸೇರು

ಮೊನ್ನೆ ಶಿರಸಿಯ ಒಂದು ಸಹಕಾರಿ ಸೊಸೈಟಿಯ ಬೆಂಚಿನ ಮೇಲೆ ಬಸ್ಸು ಕಾಯುತ್ತ ಕೂತಿದ್ದೆ. ಅಲ್ಲಿ ಹಳೆಯ ಸಾಫ್ಟ್‌ವೇರ್ ತೆಗೆದು ಹೊಸದು ಹಾಕಿದ್ದರಂತೆ. ಬದಲಾವಣೆಗೆ ಖರ್ಚೆಷ್ಟಾಯಿತು, ತೊಂದರೆ ಏನಾಯಿತು ಎಂದು ಬರೆದುಕೊಳ್ಳಲು ಒಬ್ಬ ಹುಡುಗಿ ಬಂದಿದ್ದಳು. ಖರ್ಚನ್ನು ಗುಮಾಸ್ತ ಪಟಪಟನೆ ಹೇಳಿದ. ತೊಂದರೆ ಕೇಳಿದರೆ, "ಎಂತದೂ ಇಲ್ಲೆ" ಎಂದ. ಹಾಗೆಂದವನ ಬೆನ್ನ ಹಿಂದೆಯೇ, ಟವೆಲ್ ಹೊದ್ದ ಹಳೆಯ ಕಂಪ್ಯೂಟರೊಂದು ಗುಂಯ್ ಎನ್ನುತ್ತಿತ್ತು. ಆ ಸದ್ದು ನನ್ನನ್ನು ಎಲ್ಲಿಗೆ ಎಳೆದೊಯ್ದಿತು ಗೊತ್ತೇ? ಯಲ್ಲಾಪುರದ ಒಂದು ಎಣ್ಣೆ ಅಂಗಡಿಗೆ.

ಅರವತ್ತರ ದಶಕ. ಸೇರು, ಮಣ ಹೋಗಿ ಲೀಟರು, ಕಿಲೋ ಬಂದ ಹೊಸತು; ಹಳೆಯ ಅಳತೆಯಲ್ಲಿ ಮಾರಿದರೆ ದಂಡ. ಇದರಿಂದ ಅಂಗಡಿಕಾರರಿಗೆ ಖರ್ಚೇನು, ಕಷ್ಟವೇನು ಎಂದು ವಿಚಾರಿಸುವ ಹಂಗಾಮಿ ಕೆಲಸ ನನಗೆ ಸಿಕ್ಕಿತ್ತು. ಶಿರಸಿ, ಸಿದ್ದಾಪುರ, ಯಲ್ಲಾಪುರ ಎಂದು ಬಸ್ಸಿನಲ್ಲಿ ಸುತ್ತಿದೆ. ಹೆಗಲಲ್ಲಿ ಚೀಲ, ಬಾಯಲ್ಲಿ ಸರ್ಕಾರಿ ಕನ್ನಡ. ನನ್ನ ಗತ್ತಿಗೆ ನಾನೇ ಹೆದರಬೇಕು. ಹೊಸ ಅಳತೆಗಳ ಬೆಲೆಯನ್ನು ಎಲ್ಲರೂ ಹೇಳಿದರು. ಕಷ್ಟ ಮಾತ್ರ ಒಬ್ಬರಿಗೂ ಇರಲಿಲ್ಲ. ಇಷ್ಟು ಸುಖಿಗಳಿರುವ ಸೀಮೆ ಇನ್ನೊಂದಿರಲಾರದು ಎಂದುಕೊಂಡೆ.

ಯಲ್ಲಾಪುರದ ಆ ಎಣ್ಣೆ ಅಂಗಡಿಯ ಗಿರಿಯಣ್ಣನೂ ಅದನ್ನೇ ಹೇಳಿದ. ಅಳೆಯುವ ಹಳೆಯ ಸೇರನ್ನು ಯಾವತ್ತೋ ಸರ್ಕಾರಕ್ಕೆ ಒಪ್ಪಿಸಿಬಿಟ್ಟೆ ಎಂದು ಬಾಯಿ ಮುಚ್ಚುವಷ್ಟರಲ್ಲಿ ಗೌರಕ್ಕ ಎಂಬಾಕೆ ತಂಬಿಗೆ ಹಿಡಿದು ಬಂದಳು. ಮಗನ ಜ್ವರ ಇಳಿದರೆ ದೇವರ ದೀಪಕ್ಕೆ ಒಂದು ಸೇರು ಎಣ್ಣೆ ಎಂದು ಹರಕೆ ಹೊತ್ತಿದ್ದಳಂತೆ. ಜ್ವರ ಇಳಿದಿತ್ತು. ಗಿರಿಯಣ್ಣ ನನ್ನತ್ತ ಕಣ್ಣು ಹಾಯಿಸಿ, ಈಗೆಲ್ಲ ಲೀಟರೇ, ಬೇಕಾದರೆ ಒಂದಿಷ್ಟು ಹೆಚ್ಚೇ ಹಾಕುತ್ತೇನೆ ಎಂದ.

"ಆನು ಹೇಳ್ಕಂಡಿದ್ದು ಸೇರು. ದೇವ್ರಿಗೆ ಲೀಟರು ಗೊತ್ತಿದ್ದಾ?" ಎಂದವಳು ನನ್ನ ಕಡೆ ತಿರುಗಿದಳು. "ತಮಾ, ನೀನು ಸರ್ಕಾರದವ ಅಲ್ದಾ? ಮಾತು ತಪ್ಪಿ ಮಾಣಿಗೆ ಮತ್ತೆ ಜ್ವರ ಬಂದ್ರೆ, ನಿನ್ನ ಸರ್ಕಾರ ಬಂದು ಹಣೆಗೆ ಒದ್ದೆ ಬಟ್ಟೆ ಹಾಕ್ತಾ?"

ಬಸ್ಸು ಬಂತೇನೋ ನೋಡಿ ಬರುತ್ತೇನೆ ಎಂದು ಎದ್ದು ಜಗಲಿಗೆ ಹೋದೆ. ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು. ಅದು ಮೂವರಿಗೂ ಗೊತ್ತಿತ್ತು. ಒಳಗೆ ಹಿಂಡಿಯ ಚೀಲ ಸರಿದ ಸದ್ದು, ಅದರ ಹಿಂದಿನಿಂದ ಸೇರು ಠಣ್ ಎಂದ ಸದ್ದು. ಆಮೇಲೆ ತಂಬಿಗೆಗೆ ಎಣ್ಣೆ ಇಳಿಯುವ ಸದ್ದು. ಗೌರಕ್ಕ ತಂಬಿಗೆಗೆ ಸೆರಗು ಮುಚ್ಚಿಕೊಂಡು ಹೊರಬಂದು, "ಬಸ್ಸು ಬಂತಾ, ತಮಾ?" ಎಂದು ನಕ್ಕು ಹೋದಳು.

ತೊಂದರೆ ಇಲ್ಲ ಎಂದು ಬರೆದುಕೊಂಡು ಮುಂದಿನ ಅಂಗಡಿಗೆ ನಡೆದೆ.

ಮೊನ್ನೆ ಸೊಸೈಟಿಗೆ ಬಂದ ಹುಡುಗಿಯೂ ಹಾಗೇ ಬರೆದು ಏಳುತ್ತಿದ್ದಳು. ತಡೆಯಲಾಗಲಿಲ್ಲ, ಗುಮಾಸ್ತನನ್ನು ಕೇಳಿಯೇಬಿಟ್ಟೆ: "ತಮಾ, ಆ ಟವೆಲ್ಲಿನ ಅಡಿಗೆ ಯಾರ ಹರಕೆ ಇದ್ದು?"

ಅವನು ನನ್ನನ್ನು ದುರುಗುಟ್ಟಿ ನೋಡಿದ. ಆಮೇಲೆ ನಕ್ಕು ಕುರ್ಚಿ ಎಳೆದ. "ಕೂತ್ಕಳಿ ಮೇಡಂ. ಹೊಸದು ಖಾತೆ ನಂಬರ್ ಕೇಳ್ತು. ಬಂದವ್ರು ಮನೆ ಹೆಸರು ಹೇಳ್ತ, ಅದ್ನ ಹುಡ್ಕಲೆ ಹಳೇದೇ ಬೇಕು..."

ಹುಡುಗಿ ಮತ್ತೆ ಪೆನ್ನು ತೆಗೆದಳು. ಹೊರಗೆ ನನ್ನ ಬಸ್ಸು ಬಂದು ನಿಂತಿತ್ತು, ಈ ಸಲ ನಿಜವಾಗಿಯೂ. ನಾನು ಏಳಲಿಲ್ಲ.