ಟಕ್ ಎನ್ನುವ ಸ್ವಿಚ್ಚು

ಮುಳಬಾಗಿಲಿನ ಹೆದ್ದಾರಿ ಪಕ್ಕದಲ್ಲಿ ಅಂಗಡಿ ಇಟ್ಟಿದ್ದ ಆ ಆಟೋ ಎಲೆಕ್ಟ್ರಿಷಿಯನ್‌ಗೆ ಸದ್ದಿಲ್ಲದ ಸ್ವಿಚ್ಚೆಂದರೆ ಆಗುತ್ತಿರಲಿಲ್ಲ. "ಒತ್ತಿದ್ರೆ ಟಕ್ ಅನ್ಬೇಕು ಸಾರ್," ಎಂದು ಹೆಬ್ಬೆರಳು ಆಡಿಸುತ್ತಿದ್ದ.

ಎಂಬತ್ತರ ದಶಕದಲ್ಲೊಮ್ಮೆ, ಹೆರಿಗೆನೋವು ಶುರುವಾಗಿದ್ದ ಹೆಂಡತಿಯನ್ನು ನನ್ನ ಹೊಸ ಪುಟ್ಟ ಕಾರಿನಲ್ಲಿ ಕೋಲಾರದ ಆಸ್ಪತ್ರೆಗೆ ಕರೆದೊಯ್ಯುವಾಗ, ಅವನ ಅಂಗಡಿಯ ಹತ್ತಿರವೇ ಜಡಿಮಳೆಯಲ್ಲಿ ವೈಪರ್ ನಿಂತಿತು. ಅದನ್ನು ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಕೆಟ್ಟಿತ್ತು. ಅವನು ಅದನ್ನು ಬಿಚ್ಚಲೂ ಹೋಗಲಿಲ್ಲ. ಬ್ಯಾಟರಿಯಿಂದ ನೇರವಾಗಿ ತಂತಿ ಎಳೆದು, ನಡುವೆ ಮನೆದೀಪದ ಕರಿ ಸ್ವಿಚ್ಚು ಕೂರಿಸಿ ಒತ್ತಿದ. ಟಕ್ ಎಂದಿತು, ಗಾಜು ತಿಳಿಯಾಯಿತು.

"ಡೈರೆಕ್ಟ್ ಕೊಟ್ಟಿದೀನಿ. ಅಕ್ಕನ್ನ ಕರ್ಕೊಂಡು ಹೊರಡಿ ಸಾರ್."

ಮಗಳು ಹುಟ್ಟಿದ ಮೇಲೆ ಬೆಂಗಳೂರಿನಿಂದ ಹೊಸ ಪೆಟ್ಟಿಗೆ ತರಿಸಿ, ಅವನ ಕೈಯಲ್ಲೇ ಆ ಕರಿ ಸ್ವಿಚ್ಚು ತೆಗೆಸಿ ಹಾಕಿಸಿದೆ. ವೈಪರ್ ಸದ್ದಿಲ್ಲದೆ, ಸೊಗಸಾಗಿ ಆಡಿತು. ಅವನು ಹುಬ್ಬು ಗಂಟಿಕ್ಕಿದ. ಆರಿಸಿ ಮತ್ತೆ ಹಾಕುವಾಗ ತಾನೇ ನಾಲಿಗೆಯಲ್ಲಿ "ಟಕ್" ಎಂದ.

"ಈಗ ಸರಿಹೋಯ್ತು ಸಾರ್, ತಗೊಂಡ್ಹೋಗಿ."