ಕೆಂಡ ಕಾಯುವ ಬೂದಿಯಮ್ಮ

ಬೆಳಕು ಇನ್ನೂ ಹರಿದಿಲ್ಲ. ಗಣಪತಿ ಗುಡಿಯ ಮುಂದಿನ ಹೋಮಕುಂಡಕ್ಕೆ ಬಗ್ಗಿ ಹೆಂಗಸೊಬ್ಬರು ಬರಿಗೈಯಲ್ಲಿ ಬೂದಿ ಸರಿಸುತ್ತಿದ್ದಾರೆ. ಮೇಲಿನ ಬೂದಿ ತಣ್ಣಗೆ, ಒಳಗಿನದು ಬೆಚ್ಚಗೆ, ಅದರಡಿ ಅಡಿಕೆ ಗಾತ್ರದ ಕೆಂಡ. ಬಾಯಲ್ಲಿ ಊದುವಂತಿಲ್ಲ, ಎಂಜಲು ಗಾಳಿ ತಾಗಬಾರದು. ಬೀಸಣಿಗೆಯಲ್ಲಿ ಎರಡು ಸಲ ಬೀಸುತ್ತಾರೆ. ಕೆಂಡ ಕೆಂಪಗಾಗುತ್ತದೆ. "ಎದ್ದ ನೋಡಿ ಸೋಮಾರಿ," ಎಂದು ನಗುತ್ತಾರೆ.

ಎಲ್ಲರ ಬಾಯಲ್ಲೂ ಇವರು ಬೂದಿಯಮ್ಮ. ಈ ಆವರಣದಲ್ಲಿ ಗಣಪತಿ, ಶಿವ, ದೇವಿ, ಸುಬ್ರಹ್ಮಣ್ಯ ಅಂತ ನಾಲ್ಕು ಗುಡಿ, ನಾಲ್ಕು ಕುಂಡ. ನಾಲ್ಕಕ್ಕೂ ಬೆಂಕಿ ಹೋಗುವುದು ಇದೊಂದೇ ಕೆಂಡದಿಂದ. ಇಲ್ಲಿ ಕಡ್ಡಿ ಗೀರುವಂತಿಲ್ಲ. ಹೋಮ ಮುಗಿದ ಮೇಲೆ ಕೆಂಡಕ್ಕೆ ಒಣಗಿದ ಬೆರಣಿ ಇಟ್ಟು, ಜರಡಿ ಹಿಡಿದ ಬೂದಿ ಮುಚ್ಚಿ, ಅಂಗೈಯಲ್ಲಿ ಒತ್ತಬೇಕು. ಮರುದಿನದವರೆಗೆ ಜೀವ ಹಿಡಿದಿರುತ್ತದೆ. ಇಪ್ಪತ್ತೊಂದು ವರ್ಷದಿಂದ ಇದೇ ಇವರ ಕೆಲಸ. ದಿನಕ್ಕೆ ಹನ್ನೆರಡು ಬೆರಣಿ, ಎರಡು ಬುಟ್ಟಿ ಬೂದಿ, ಲೆಕ್ಕವಿಲ್ಲದಷ್ಟು ಕೆಮ್ಮು. ಮಂತ್ರ ಹೇಳಿದವರ ಫೋಟೊಗಳೆಲ್ಲ ಗೋಡೆಯ ಮೇಲಿವೆ, ಇವರದಿಲ್ಲ. ಪೇಪರಿಗೆ ಬರೆಯಲು ಬಂದ ನನಗೆ ಇದಕ್ಕೆ ಸಿಟ್ಟು ಬರುತ್ತದೆ, ಅವರಿಗಿಲ್ಲ.

ಕೆಲಸ ಕಲಿಸಿದ್ದು ಅತ್ತೆ. "ಅವರ ಬಾಯಿ ಘಾಟು, ಕೈ ಮಾತ್ರ ಚಿನ್ನ. ಕೆಂಡ ತಾಗಿ ಬಲಗೈ ಕಿರುಬೆರಳು ಅರ್ಧ ಹೋಗಿತ್ತು. ಬೂದಿ ಮೇಲಿನ ಗುರುತು ನೋಡಿದ್ರೇ ಅವರದು ಅಂತ ಗೊತ್ತಾಗೋದು, ನಾಲ್ಕು ಬೆರಳು ಸರಿ, ಒಂದು ಮೋಟು. ಸಾಯೋ ಹೊತ್ತಲ್ಲೂ ಕೇಳಿದ್ದು ಒಂದೇ ಮಾತು. 'ಮುಚ್ಚಿದ್ಯೇನೇ?'" ಅತ್ತೆ ತೀರಿಕೊಂಡು ಎಂಟು ವರ್ಷವಾಗಿದೆ.

"ಒಂದು ದಿನಾನೂ ಆರಿಲ್ವಾ?" ಮಾತಿಗೆ ಕೇಳುತ್ತೇನೆ. ಅವರ ಕೈ ನಿಲ್ಲುತ್ತದೆ.

"ಆರಿದೆ. ಹೋದ ವರ್ಷ ಮಗಳಿಗೆ ಹೆರಿಗೆ ನೋವು ಬಂತು. ಅವಸರದಲ್ಲಿ ಹಸಿ ಬೆರಣಿ ಇಟ್ಟು ಓಡ್ದೆ. ಬೆಳಿಗ್ಗೆ ಬಂದು ನೋಡಿದ್ರೆ ಬರೀ ಮಸಿ. ಮನೆಯಿಂದ ಬೆಂಕಿಪೊಟ್ಟಣ ತಂದು ಗೀರಿಬಿಟ್ಟೆ. ಯಾರಿಗೂ ಹೇಳಿಲ್ಲ. ಅವತ್ತಿಂದ ನಾಲ್ಕು ದೇವರಿಗೂ ಕಳ್ಳ ಬೆಂಕೀನೇ."

ಆಮೇಲೆ ದನಿ ತಗ್ಗಿಸುತ್ತಾರೆ. "ಅಷ್ಟೇ ಆಗಿದ್ರೆ ನುಂಗ್ಕೊಂಡು ಇರ್ತಿದ್ದೆ. ಬನ್ನಿ ಇಲ್ಲಿ."

ದೇವಿ ಗುಡಿಯ ಹಿಂದೆ ಐದನೆಯ ಕುಂಡವೊಂದಿದೆ. ಬಿರುಕು ಬಿಟ್ಟಿತೆಂದು ಅದಕ್ಕೆ ಚಪ್ಪಡಿ ಎಳೆದದ್ದು ಇವರು ಸೊಸೆಯಾಗಿ ಬರುವ ಮೊದಲೇ. "ಮುಟ್ಟಿ," ಎನ್ನುತ್ತಾರೆ. ಮುಟ್ಟುತ್ತೇನೆ. ಸುತ್ತಲ ನೆಲ ಕೊರೆಯುವಷ್ಟು ತಣ್ಣಗಿದೆ, ಕಲ್ಲು ಬೆಚ್ಚಗಿದೆ.

"ಕಡ್ಡಿ ಗೀರಿದ ದಿನದಿಂದ ಹೀಗೇ. ಒಬ್ಬಳೇ ತೆಗೆಯೋಕೆ ಧೈರ್ಯ ಇಲ್ಲ."

ಇಬ್ಬರೂ ಸೇರಿ ಚಪ್ಪಡಿಯನ್ನು ಎರಡು ಗೇಣು ಸರಿಸುತ್ತೇವೆ. ಇಂಥ ಕತೆಗಳಿಗೆ ನಗುವ ಜಾತಿ ನನ್ನದು. ಆದರೆ ಒಳಗೆ ಜರಡಿ ಹಿಡಿದ ಹೊಸ ಬೂದಿ, ಅದರ ಮೇಲೆ ಅಂಗೈಯ ಗುರುತು. ನಾಲ್ಕು ಬೆರಳು ಸರಿ, ಒಂದು ಮೋಟು.

ಬೂದಿಯಮ್ಮ ಅಳುತ್ತಿದ್ದಾರೆ. "ಹಳೇ ಬೆಂಕಿ ಆರಿಲ್ಲ. ಇಲ್ಲಿಟ್ಟು ಅತ್ತೆ ಕಾಯ್ತಾ ಇದಾರೆ. ಸತ್ತ ಮೇಲೂ ಆ ಮುದುಕಿಗೆ ಬಿಡುವು ಕೊಡ್ಲಿಲ್ಲವಲ್ಲ ನಾನು!"

ಏನಾಗಬೇಕು ಎಂದು ಕೇಳುತ್ತೇನೆ. ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾರೆ. "ಅರ್ಚಕರ ಮುಂದೆ ನಿಂತ್ರೆ ನನಗೆ ನಾಲಗೆ ಏಳಲ್ಲ. ಭಾನುವಾರದ ಪೇಪರ್ ಮಾತ್ರ ಅವರು ತಪ್ಪದೆ ಓದ್ತಾರೆ. ಎಲ್ಲಾ ಬರೀರಿ. ಕೆಲಸ ಹೋದ್ರೆ ಹೋಗ್ಲಿ. ಈ ಕೆಂಡ ಎತ್ತಿ ನಾಲ್ಕೂ ಕುಂಡಕ್ಕೆ ಹಾಕ್ಲಿ. ಅತ್ತೆ ಮಲಗ್ಲಿ."

ಬರೆದಿದ್ದೇನೆ.

ಚಪ್ಪಡಿ ಎಳೆಯುವ ಮೊದಲು ಅವರು ಚೆನ್ನಾಗಿ ಒಣಗಿದ ಬೆರಣಿಯೊಂದನ್ನು ಒಳಗಿಡುತ್ತಾರೆ. ಮೇಲೆ ಬೂದಿ ಹರಡಿ, ಆ ಗುರುತಿನ ಪಕ್ಕದಲ್ಲೇ ತಮ್ಮ ಅಂಗೈ ಒತ್ತುತ್ತಾರೆ. ಆಮೇಲೆ ಕುಂಡಕ್ಕೆ ಬಗ್ಗಿ, ಕಿವಿ ಮಂದವಾದವರಿಗೆ ಹೇಳುವಂತೆ ತುಸು ಜೋರಾಗಿಯೇ ಹೇಳುತ್ತಾರೆ.

"ಮುಚ್ಚಿದೀನಿ, ಅತ್ತೆ."